ಸ್ಯಾಂಪಲ್ ಕಾಫಿ ಕುಡಿಯುವುದಿಲ್ಲ

ಲ್ಯಾಬಿನವರೆಲ್ಲ ಫೀಕಾಗೆ, ಅಂದರೆ ಸ್ವೀಡನ್ನಿನಲ್ಲಿ ಯಾರೂ ತಪ್ಪಿಸದ ಕಾಫಿ ಬಿಡುವಿಗೆ, ಕುಳಿತಿದ್ದೆವು. ಕಿರಣ್ ಮಾತ್ರ ಲಿಫ್ಟಿನ ಪಕ್ಕದ ಶೆಲ್ಫಿಗೆ ಅಂಟಿಕೊಂಡು ನಿಂತೇ ಇದ್ದ. ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿರುವ ಈ ಮೈಸೂರಿನ ಹುಡುಗನನ್ನು, ಬಯಾಪ್ಸಿ ವರದಿ ಯಾಕೆ ತಡವಾಗುತ್ತಿದೆ ಎಂದು ನೋಡಲು ನಮ್ಮ ಆಸ್ಪತ್ರೆಯವರು ಕರೆಸಿದ್ದರು. ಬೆಳಿಗ್ಗೆ ಬಂದ ಒಂದು ಸ್ಯಾಂಪಲ್ ಡಬ್ಬಿಯ ಹಿಂದೆಯೇ ಅವನು ಓಡಾಡುತ್ತಿದ್ದ. ಅದು ನಿಂತಲ್ಲಿ ತಾನೂ ನಿಲ್ಲುತ್ತಿದ್ದ. ಈಗ ಅದು ಆ ಶೆಲ್ಫಿನ ಟ್ರೇಯಲ್ಲಿತ್ತು; ಟ್ರೇ ತುಂಬಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಒಳಗೆ ಒಯ್ಯುವುದು ನಮ್ಮ ರೂಢಿ.

ಪಾಪ ಅನ್ನಿಸಿ ಬಾಗಿಲಿನಿಂದಲೇ ಕರೆದೆ: “ಕಾಫಿನಾದ್ರೂ ಕುಡಿ ಬಾರೋ.”

“ಸ್ಯಾಂಪಲ್ ಕಾಫಿ ಕುಡಿಯಲ್ಲ ಅಕ್ಕಾ. ಟ್ರೇ ಫುಲ್ ಆಗ್ಲಿ, ಬರ್ತೀನಿ.”

ಏನಂದ ಎಂದು ನಮ್ಮ ಮುಖ್ಯಸ್ಥೆ ಬಿರ್ಗಿತ್ತಾ ಕೇಳಿದರು. ಸ್ವೀಡಿಷ್‌ನಲ್ಲಿ ಹೇಳಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಆಮೇಲೆ ಕಪ್ ಕೆಳಗಿಟ್ಟು ಎದ್ದುಹೋಗಿ, ಅರ್ಧವೂ ತುಂಬದ ಆ ಟ್ರೇ ಎತ್ತಿಕೊಂಡು ಒಳಗೆ ನಡೆದರು. ಕಿರಣ್ ಮದುವೆ ಗಂಡಿನ ಗಾಂಭೀರ್ಯದಲ್ಲಿ ಅವರ ಹಿಂದೆ ಹೊರಟ. ಚಪ್ಪಾಳೆಯೋ ಚಪ್ಪಾಳೆ.

ಈಗ ಆ ಶೆಲ್ಫಿನಲ್ಲಿ ಅಂಗೈಯಗಲದ ಟ್ರೇ ಇದೆ, ತುಂಬಲೆಂದು ಯಾರೂ ಕಾಯುವುದಿಲ್ಲ. ಅದರಲ್ಲಿ ಒಂದೇ ಡಬ್ಬಿ ಕಂಡರೂ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅನ್ನಿಸುತ್ತದೆ ನನಗೆ. ವರದಿ ಬರುವವರೆಗೆ ಕಾಫಿ ಗಂಟಲಿಗಿಳಿಯದ ಯಾರೋ.