ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಬಟ್ಟೆ ಒಗೆಯುವ ಮಷೀನು

ನನ್ನ ಮೊಮ್ಮಗಳು ಇವತ್ತು ಮನೆಗೆ ಬಂದಳು! ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ನೆಟ್ಟಗೆ ಬರುವುದಿಲ್ಲ. ಹುಟ್ಟಿ ಐದು ತಿಂಗಳಾಯಿತು. ಹುಟ್ಟಿದ್ದು ರಾಮದುರ್ಗದಲ್ಲಿ, ತಾಯಿಯ ತವರಿನಲ್ಲಿ. ಬೈಲಹೊಂಗಲದ ಈ ಮನೆಯನ್ನು ಇವತ್ತು ಹನ್ನೊಂದು ಗಂಟೆಗೆ ಮೊದಲ ಸಲ ನೋಡಿದಳು. ನನ್ನ ಹೆಂಡತಿ ಬಾಗಿಲಲ್ಲೇ ರೊಟ್ಟಿಯ ತುಣುಕು, ನೀರು ನಿವಾಳಿಸಿ ಹೊರಗೆ ಚೆಲ್ಲಿದಳು. ಸೊಸೆ ಬಲಗಾಲಿಟ್ಟು ಒಳಗೆ ಬಂದಳು. ಕೂಸು ನನ್ನ ಮೀಸೆ ನೋಡಿತು, ಅಳಲಿಲ್ಲ. ಅಳಲೇ ಇಲ್ಲ! ಆಗಿನಿಂದ ಓಣಿಯಲ್ಲಿ ಸಿಕ್ಕವರಿಗೆಲ್ಲ ಇದನ್ನೇ ಹೇಳಿದ್ದೇನೆ. ಕೆಲವರಿಗೆ ಎರಡು ಸಲ ಹೇಳಿರಬೇಕು.

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವನು. ಬರೆದದ್ದು ಹಿಂದೆ ಮುಂದೆ ಆದರೆ ನಡೆಸಿಕೊಳ್ಳಬೇಕು.

ಅವಳು ಮೂರನೆಯ ತಿಂಗಳಿಗೇ ಬರಬೇಕಿತ್ತು. ತಡವಾದದ್ದು ಒಂದು ಮಷೀನಿನಿಂದ. ತೊಟ್ಟಿಲು ಕಾರ್ಯದ ದಿನ ರಾಮದುರ್ಗದ ಬೀಗತಿ, ಅಂದರೆ ಸೊಸೆಯ ತಾಯಿ, ತೊಟ್ಟಿಲಿನ ಜೊತೆಗೆ ಬಟ್ಟೆ ಒಗೆಯುವ ಮಷೀನನ್ನೂ ಕೊಟ್ಟರು. ಸೊಸೆಗೆ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ್ದರು. ಭಾರ ಎತ್ತಬಾರದು, ಬಗ್ಗಿ ಕೂತು ಒಗೆಯಬಾರದು ಎಂದು ಡಾಕ್ಟರರು ಹೇಳಿದ್ದರು.

“ಕೂಸಿನ ಅರಬಿ ಅಂದ್ರ ದಿನಾ ಎರಡು ಬುಟ್ಟಿ ಆಗತಾವ್ರಿ,” ಎಂದರು ಬೀಗತಿ. “ನನ್ನ ಮಗಳು ಕಲ್ಲಿನ ಮುಂದ ಕುಂದರಬಾರದು. ಅದಕ್ಕ ಇದು.”

ಟೆಂಪೋದಲ್ಲಿ ಮಷೀನು ಬಂತು. ನಾಲ್ಕು ಜನ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದರು. ನನ್ನ ಹೆಂಡತಿ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಧೂಳು ಕೂರಬಾರದೆಂದು ತಾನೇ ಹೊಲಿದ ಕೌದಿಯನ್ನು ಹೊದಿಸಿದಳು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಎರಡು ತಿಂಗಳಲ್ಲಿ ಅದರ ಮೇಲೆ ನನ್ನ ಚಸ್ಮಾ, ಹಳೆಯ ಕ್ಯಾಲೆಂಡರು, ಕುಸುಬೆಯ ಡಬ್ಬಿ ಎಲ್ಲ ಬಂದು ಕೂತವು. ಪಡಸಾಲೆಯಲ್ಲಿ ಊಟಕ್ಕೆ ಕೂತರೆ ಮಗನಿಗೆ ಜಾಗವಿಲ್ಲ. ಅವನು ತಾಟು ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದ. ಅವನು ಕಿತ್ತೂರಿನಲ್ಲಿ ಸಾಲಿ ಮಾಸ್ತರ. “ಅಪ್ಪಾ, ಇದಕ್ಕೊಂದು ಜಾಗಾ ಮಾಡೂಣು,” ಎಂದು ದಿನಾ ಹೇಳಿ, ದಿನಾ ಬಸ್ಸಿಗೆ ಓಡುತ್ತಿದ್ದ.

ಒಂದು ದಿನ ಅವನು ಇಲ್ಲದಾಗ ನಾವಿಬ್ಬರೇ ಅದನ್ನು ನಡೆಸಿ ನೋಡೋಣ ಎಂದುಕೊಂಡೆವು. ಅಂಗಳದ ನಳದಿಂದ ನೀರಿನ ಪೈಪನ್ನು ಮಗ ಆಗಲೇ ಎಳೆದಿದ್ದ. ಹೊರಗೆ ನೀರು ಹೋಗುವ ಪೈಪಿಗೆ ಮಾತ್ರ ದಾರಿ ಇರಲಿಲ್ಲ. ನನ್ನ ಎರಡು ಧೋತರ ಒಳಗೆ ಹಾಕಿದೆವು. ಎರಡು ಧೋತರವನ್ನು ನನ್ನ ಹೆಂಡತಿ ಇಷ್ಟು ವರ್ಷ ಒಂದೇ ಕೊಡ ನೀರಿನಲ್ಲಿ ಒಗೆದಿದ್ದಾಳೆ. ನಮ್ಮಲ್ಲಿ ನೀರಿನ ಲೆಕ್ಕ ಹಾಗೆಯೇ. ಮಷೀನಾದರೂ ಒಂದು ಕೊಡವೇ ತಾನೆ ಎಂದು ಪೈಪಿನ ತುದಿಯನ್ನು ತಾಮ್ರದ ಕೊಡದೊಳಗೆ ಇಳಿಸಿ ಎದುರಿಗೆ ಕೂತೆವು.

ಕೊಡ ತುಂಬಿತು. ಬಕೀಟು ಇಟ್ಟೆ, ಅದೂ ತುಂಬಿತು. ಆಮೇಲೆ ಹಿಟ್ಟು ನಾದುವ ಪರಾತವನ್ನೂ ತಂದೆ.

“ನಿಂದ್ರಸ್ರಿ ಅದನ್ನ!”

“ಎಲ್ಲಿ ಒತ್ತಲಿ? ಎಲ್ಲಾ ಗುಂಡಿ ಒಂದ ನಮೂನಿ ಅದಾವ!”

“ನನಗೇನ ಕೇಳತೀರಿ, ನಾಕನೇ ಇಯತ್ತೆ ಕಲತಾವರು ನೀವು!”

ನೀರು ಜೋಳದ ಚೀಲಗಳ ಬುಡಕ್ಕೆ ಹೋಯಿತು. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಹಾವಿನ ಹೆಡೆ ಹಿಡಿದವಳ ಹಾಗೆ ಪೈಪನ್ನು ತಲೆಯ ಮೇಲೆತ್ತಿ ನಿಂತಳು. ಕೊನೆಗೆ ಕರೆಂಟು ಹೋಯಿತು ನೋಡಿ, ಅದೇ ನಮ್ಮನ್ನು ಉಳಿಸಿತು. ಜೋಳವನ್ನು ಎರಡು ದಿನ ಬಿಸಿಲಿಗೆ ಹರವಿದೆವು.

ಸುದ್ದಿ ಮಗನಿಂದ ಸೊಸೆಗೆ, ಸೊಸೆಯಿಂದ ಬೀಗತಿಗೆ ಮುಟ್ಟಿತು. ಅವರದೇ ಫೋನು ಬಂತು.

“ಏನ್ರಿ ಬೀಗ್ರ, ನಿಮ್ಮ ಪಡಸಾಲ್ಯಾಗ ಮಲಪ್ರಭಾ ಹರದಾಳಂತ?”

ನಾನು ನಕ್ಕೆ. ಅವರೂ ನಕ್ಕರು. ನಕ್ಕು ಮುಗಿಸಿ ಹೇಳಿದರು:

“ನೋಡ್ರಿ, ಸಿಟ್ಟಾಗಬ್ಯಾಡ್ರಿ. ಮಷೀನಿಗೆ ಒಂದು ಜಾಗಾ ಮಾಡ್ರಿ, ಅದು ನಡಿಯೂದನ್ನ ನನಗ ಫೋನಿನ್ಯಾಗ ತೋರಸ್ರಿ. ಮರುದಿನಾನ ತಾಯಿ ಮಗಳನ್ನ ಕರಕೊಂಡ ಬರತೇನಿ. ಅಲ್ಲೀತನಾ ಇಲ್ಲೇ ಇರಲಿ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗಳ ಹೊಟ್ಟೆಯ ಹೊಲಿಗೆ ನೆನೆದು ಯಾವ ತಾಯಿಯಾದರೂ ಹೀಗೇ ಹೇಳುತ್ತಾಳೆ. ಆದರೆ ಫೋನು ಇಟ್ಟ ಮೇಲೆ ನಮಗೆ ಕೂಸಿನದೇ ಚಿಂತೆ. ಕೂಸು ಬೋರಲು ಬೀಳಲು ಕಲಿತಿದೆ ಎಂದು ಹಿಂದಿನ ದಿನವಷ್ಟೇ ಕೇಳಿದ್ದೆವು. ಅದನ್ನು ಫೋನಿನಲ್ಲಿ ನೋಡಿದ್ದೆವು. ಕೂರುವುದನ್ನೂ ಹೀಗೇ ಫೋನಿನಲ್ಲಿ ನೋಡುವುದೇ?

ರವಿವಾರ ನಮ್ಮ ಮಗಳು ವಿಡಿಯೋದಲ್ಲಿ ಬಂದಳು. ಅವಳು ನರ್ಸು. ಮೊದಲು ಎರಡು ವರ್ಷ ಜರ್ಮನಿಯಲ್ಲಿದ್ದಳು, ಈಗ ಇಂಗ್ಲೆಂಡಿನಲ್ಲಿದ್ದಾಳೆ. ನಮ್ಮ ಪಂಚಾಯತಿ ಕೇಳಿ ಫೋನು ತಿರುಗಿಸಿ ತೋರಿಸಿದಳು.

“ಇಲ್ನೋಡವ್ವಾ, ನಮ್ಮದು ಇಲ್ಲೈತಿ. ಒಲಿ ಬಾಜೂಕ.”

ಅಡುಗೆ ಕಟ್ಟೆಯ ಕೆಳಗೆ ಮಷೀನು, ಅದರ ಮೇಲೆ ಒಗ್ಗರಣೆ ಡಬ್ಬಿ!

“ಅಡಗಿ ಮನ್ಯಾಗ?” ಎಂದಳು ನನ್ನ ಹೆಂಡತಿ. “ಅಲ್ಲೇ ಲಂಗಾ ತಿರಗತಾವ, ಅಲ್ಲೇ ಸಾರು ಕುದಿತೈತಿ? ನಮ್ಮಲ್ಲಿ ದೇವರ ಜಗಲಿನೂ ಅಡಗಿ ಮನ್ಯಾಗ ಐತಿ ತಾಯಿ. ಬ್ಯಾಡ.”

“ಹಂಗಾರ ಬಚ್ಚಲದಾಗ ಇಡ್ರಿ. ನನ್ನ ಜೊತಿ ಕೆಲಸಾ ಮಾಡಾಕಿ ಒಬ್ಬಾಕಿ ಜಪಾನದಾಕಿ ಅದಾಳ. ಅವರಲ್ಲಿ ಬಚ್ಚಲದ ಬಾಗಲಾ ಮುಂದ ಇಡತಾರಂತ. ಮನಿಮಂದಿ ಜಳಕಾ ಮಾಡಿ ಉಳದ ನೀರನ್ನ ಪೈಪಿನಿಂದ ಎಳದು ಅದರಾಗ ಅರಬಿ ಒಗೀತಾರಂತ.”

ಆ ಜಪಾನದವರು ನನಗೆ ಬಹಳ ಹಿಡಿಸಿದರು. ಬಚ್ಚಲ ನೀರನ್ನು ಬಾಳೆಗಿಡಕ್ಕೆ ಬಿಡುವವರು ನಾವು. ಆದರೆ ನಮ್ಮ ಬಚ್ಚಲಲ್ಲಿ ಹಂಡೆ ಹೂಳಿದ ಒಲೆ ಇದೆ. ಹತ್ತಿಕಟ್ಟಿಗೆ ಉರಿಸುತ್ತೇವೆ. ಗೋಡೆಯೆಲ್ಲ ಮಸಿ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾರರು.

“ಹಾಂಗ್‌ಕಾಂಗಿನ್ಯಾಗ ಗ್ಯಾಲರ್ಯಾಗ ಇಡತಾರಂತ,” ಎಂದಳು ಮಗಳು. ನಮಗೆಲ್ಲಿಯ ಗ್ಯಾಲರಿ, ನಮ್ಮದು ಮಣ್ಣಿನ ಮಾಳಿಗೆ. ಮೇಲೆ ಒಂದು ತಂಬಿಗೆ ನೀರು ಚೆಲ್ಲಿದರೆ ಕೆಳಗೆ ಪಡಸಾಲೆಯಲ್ಲಿ ತಿಳಿಯುತ್ತದೆ.

“ಜರ್ಮನ್ಯಾಗ ಎಲ್ಲಿ ಇಟ್ಟಿದ್ದರು?” ಎಂದು ನಾನು ಕೇಳಿದೆ.

“ನೆಲಮಾಳಿಗ್ಯಾಗಪ್ಪಾ. ಆ ಕಟ್ಟಡದಾಗಿನ ಎಲ್ಲಾರ ಮಷೀನೂ ಅಲ್ಲೇ ಸಾಲಾಗಿ ನಿಂತಿರತಿದ್ದು. ಮೊದಲ ಅಲ್ಲಿ ಕಲ್ಲಿದ್ದಲು, ಬಟಾಟಿ ತುಂಬತಿದ್ದರಂತ. ಈಗ ಅದು ಬೇಕಾಗಿಲ್ಲಲ್ಲಾ, ಅದಕ್ಕ ಮಷೀನಿಗೆ ಕೊಟ್ಟಾರ.”

ಅವಳು ಸುಮ್ಮನೆ ಹೇಳಿದಳು. ನನಗೆ ಮಾತ್ರ ಆ ಮಾತು ಎದೆಗೆ ಬಂದು ತಾಗಿತು.

ನಮ್ಮ ತಲಬಾಗಿಲು ದಾಟಿದ ಕೂಡಲೇ ಎಡಕ್ಕೆ ಎಮ್ಮೆ ಕಟ್ಟುವ ಜಾಗವಿದೆ. ಹಳೆಯ ಮನೆಗಳಲ್ಲಿ ದನಗಳೂ ಒಳಗೇ. ನನ್ನಪ್ಪ ಕಲ್ಲು ಹಾಸಿ, ಗಂಜಲ ನಿಲ್ಲದ ಹಾಗೆ ಇಳಿಜಾರು ಕೊಟ್ಟು, ಗೋಡೆಯ ಬುಡದಲ್ಲಿ ಹೊರಗಿನ ಗಟಾರಕ್ಕೆ ಕಿಂಡಿ ಬಿಟ್ಟಿದ್ದರು. ಮೊಣಕಾಲು ಹಿಡಿದುಕೊಂಡ ವರ್ಷ ನಾನು ಕೊನೆಯ ಎಮ್ಮೆಯನ್ನು ಉಗರಗೋಳದ ತಂಗಿಯ ಮನೆಗೆ ಟೆಂಪೋದಲ್ಲಿ ಒಯ್ದು ಕಟ್ಟಿ ಬಂದೆ. “ಕಾಲು ಸುದ್ದ ಆದ ಮ್ಯಾಲೆ ಇನ್ನೊಂದು ಕಟ್ಟತೇನಿ,” ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಾಲ್ಕು ವರ್ಷವಾಯಿತು. ಹಗ್ಗ, ಕೊರಳ ಗಂಟೆ ಗೂಟದಲ್ಲೇ ಇದ್ದವು. ದೀಪಾವಳಿಗೆ ನಾನೇ ಅಲ್ಲಿ ಸುಣ್ಣ ಬಳಿಯುತ್ತಿದ್ದೆ. ಅಲ್ಲಿ ಸೈಕಲ್ಲು ನಿಲ್ಲಿಸಿದರೂ ಮಗನಿಗೆ ಬೈಯುತ್ತಿದ್ದೆ.

ಮನೆಯವರಿಗೆಲ್ಲ ಆ ಜಾಗ ಕಾಣುತ್ತಿತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಮುಖ ನೋಡಿ ಸುಮ್ಮನಿದ್ದರು. ಅಂದರೆ ಕೂಸನ್ನು ರಾಮದುರ್ಗದಲ್ಲಿ ತಡೆದು ನಿಲ್ಲಿಸಿದವನು ನಾನೇ.

ಸಂಜೆ ಒಂದು ಕೊಡ ನೀರು ತಂದು ಆ ಕಲ್ಲಿನ ಮೇಲೆ ಸುರಿದೆ. ಎಲ್ಲಿಯೂ ನಿಲ್ಲದೆ, ಕಿಂಡಿಯಲ್ಲಿ ಗುಳುಗುಳು ಎಂದು ಹೊರಗೆ ಹೋಯಿತು. ಹೆಂಡತಿ ಹಿಂದೆ ಬಂದು ನಿಂತಿದ್ದಳು.

“ಎಮ್ಮಿ ಕಟ್ಟಂಗಿಲ್ಲೇನ ಹಂಗಾರ?” ಎಂದು ಮೆಲ್ಲಗೆ ಕೇಳಿದಳು.

“ಹಾಲು ಯಾರು ಹಿಂಡಬೇಕು? ನೀನೋ, ನಾನೋ?”

“ನಾನಂತೂ ಅಲ್ಲ.”

“ಹಂಗಾರ ಮಷೀನ ನಿಲ್ಲಲಿ.”

ಗೂಟದಿಂದ ಗಂಟೆ ಬಿಚ್ಚಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕೈಗೊಂದು ಕೆಲಸ ಬೇಕಾಗಿತ್ತು.

ಮಗ ಕಿತ್ತೂರಿನಿಂದ ಗಾರೆ ಕೆಲಸದ ಗೌಂಡಿಯನ್ನು ಕರೆದುಕೊಂಡು ಬಂದ. ಗೌಂಡಿ ನೋಡಿದ ಕೂಡಲೇ ನಕ್ಕ. “ಅಜ್ಜಾರ, ಈ ಇಳಕಲಾ ಎಮ್ಮಿಗೆ ಚೊಲೋ. ಮಷೀನ ಇಲ್ಲಿ ಇಟ್ಟರ, ಅರಬಿ ಹಿಂಡೂವಾಗ ಕುಣಕೋತ ಬಸ್ ಸ್ಟ್ಯಾಂಡಿಗೆ ಹೋಗತೈತಿ.” ಅಪ್ಪ ಹಾಸಿದ ಕಲ್ಲು ಕೀಳಲು ನಾನು ಬಿಡಲಿಲ್ಲ. ಅದರ ಮೇಲೆಯೇ ಸಣ್ಣದೊಂದು ಕಟ್ಟೆ ಕಟ್ಟಿ, ರಸಮಟ್ಟವಿಟ್ಟು ನಾಲ್ಕೂ ಮೂಲೆ ಸಮ ಮಾಡಿದ. ಪೈಪು ನೇರ ಅಪ್ಪನ ಕಿಂಡಿಗೆ ಹೋಯಿತು. ಮೇವು ಹಾಕುವ ಕಲ್ಲಿನ ಗ್ವಾದಲಿ ಪಕ್ಕದಲ್ಲೇ ಇತ್ತು. ಒಗೆಯುವ ಬಟ್ಟೆ ಹಾಕಲು ಅದಕ್ಕಿಂತ ಒಳ್ಳೆಯ ಬುಟ್ಟಿ ಇಂಗ್ಲೆಂಡಿನಲ್ಲೂ ಇರಲಿಕ್ಕಿಲ್ಲ.

ನಿನ್ನೆ ಬೀಗತಿಗೆ ವಿಡಿಯೋ ಮಾಡಿ ತೋರಿಸಿದೆವು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

“ನಾ ಕೊಟ್ಟ ಮಷೀನನ್ನ ಎಮ್ಮಿ ಕಟ್ಟೂ ಜಾಗಾದಾಗ ನಿಲ್ಲಿಸೀರಿ?”

“ನಮ್ಮನಿಗೆ ಅದೇ ಮಾನದ ಜಾಗಾರಿ ಬೀಗ್ರ. ಈಸು ವರ್ಷ ಯಾರಿಗೂ ಬಿಟ್ಟಿದ್ದಿಲ್ಲ,” ಎಂದೆ.

ಮಷೀನು ಅಲುಗದೆ ತಿರುಗಿತು, ಹಿಂಡಿತು, ನಿಂತಿತು. “ನಾಳಿ ಹೋಳಗಿ ಮಾಡ್ರಿ. ಬರತೇವಿ,” ಎಂದರು.

ಇವತ್ತು ಮಧ್ಯಾಹ್ನ ಕೂಸಿನ ತಲೆಗೆ ಕಟ್ಟುವ ಕುಲಾಯಿ, ಅಂಗಿ, ದುಪಟಿಗಳನ್ನು ಸೊಸೆ ನಿಂತಲ್ಲೇ ಒಳಗೆ ಹಾಕಿ ಗುಂಡಿ ಒತ್ತಿದಳು. ನಾನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಗ್ವಾದಲಿಯ ಅಂಚಿನಲ್ಲಿ ಕೂತೆ. ಗಾಜಿನ ಬಾಗಿಲೊಳಗೆ ಅವಳದೇ ಕೆಂಪು ಕುಲಾಯಿ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಬಂತು. ಅವಳು ನೋಡಿದಳು. ಬಾಯಿ ತೆರೆದು, ಇಡೀ ಮೈ ಅಲುಗುವ ಹಾಗೆ ನಕ್ಕಳು. ಅಡುಗೆಮನೆಯಿಂದ ಎಲ್ಲರೂ ಓಡಿ ಬಂದರು. ನನಗೆ ಕಣ್ಣು ತುಂಬಿ ಕುಲಾಯಿ ಕಾಣಲಿಲ್ಲ.

ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಮಷೀನು ಹೋದ ಮೇಲೆ ಅಲ್ಲಿ ಎಷ್ಟೊಂದು ಜಾಗ! ಬೀಗರು, ಬೀಗತಿ, ಮಗ, ಸೊಸೆ, ನಾವಿಬ್ಬರು ಗುಂಡಾಗಿ ಕೂತೆವು. ಮಗನಿಗೆ ಹೊಸ್ತಿಲು ತಪ್ಪಿತು. ತೊಟ್ಟಿಲಿಗೆ ಆ ಗಂಟೆ ಕಟ್ಟಿದ್ದೆ. ಫೋನನ್ನು ತಂಬಿಗೆಗೆ ಒರಗಿಸಿ ಇಟ್ಟಿದ್ದೆವು. ಅದರೊಳಗೆ ಮಗಳು ತನ್ನ ಮಷೀನಿನ ಪಕ್ಕ ಸ್ಟೂಲಿನ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಬಿಸಿ ಹೋಳಿಗೆ, ಎಣ್ಣೆಗಾಯಿ, ಕಟ್ಟಿನ ಸಾರು. ತುಪ್ಪ ಉಗರಗೋಳದಿಂದ ತಂಗಿ ಕಳಿಸಿದ್ದು, ನಮ್ಮ ಎಮ್ಮೆಯದೇ.

“ತುಪ್ಪಾ ಭಾಳ ಚೊಲೋ ಐತಿ,” ಎಂದರು ಬೀಗತಿ.

“ಆ ಎಮ್ಮಿ ಜಾಗಾನ ನಿಮ್ಮ ಮಷೀನಿಗೆ ಕೊಟ್ಟೇವ್ರಿ,” ಎಂದೆ.

“ಹಂಗಾರ ಇನ್ನೊಂದು ಚಮಚಾ ಹಾಕ್ರಿ,” ಎಂದು ಅವರು ತಾಟು ಮುಂದೆ ಸರಿಸಿದರು. ನನ್ನ ಹೆಂಡತಿ ನಗುತ್ತ ತುಪ್ಪದ ಗಿಂಡಿಯನ್ನೇ ಬಗ್ಗಿಸಿದಳು.