ತೊಟ್ಟಿಲಿಗೆ ಒಂದು ದಿನ ಮೊದಲು ಕೊಕ್ಕನೂರಿಗೆ

ದಾವಣಗೆರೆಯ ಕೆ.ಬಿ. ಬಡಾವಣೆಯ ಬಾಡಿಗೆ ಕೋಣೆಗೆ ಬೀಗ ಹಾಕಿ ಹೊರಟಾಗ ಬೆಳಗಿನ ಏಳೂವರೆ. ಹೋಗಬೇಕಾಗಿದ್ದು ಹರಿಹರದ ಮೇಲೆ ಹಾದು ಕೊಕ್ಕನೂರಿಗೆ, ಹೆಂಡತಿ ಗಿರಿಜೆಯ ತವರಿಗೆ. ಅಲ್ಲಿ ನನಗೊಬ್ಬಳು ಹನ್ನೆರಡು ದಿನದ ಮಗಳಿದ್ದಳು. ನಾನಿನ್ನೂ ಅವಳ ಮುಖ ನೋಡಿರಲಿಲ್ಲ. ಮರುದಿನ ತೊಟ್ಟಿಲು ಹಾಕುವ ಶಾಸ್ತ್ರ, ಮಠದ ಅಯ್ಯನವರೂ ಬರುತ್ತಾರೆ ಎಂದು ಮಾವನವರ ಕಾಗದ ಬಂದಿತ್ತು. ಅಯ್ಯನವರು ಬರುವುದೆಂದರೆ ಮಗುವಿಗೆ ಲಿಂಗ ಕಟ್ಟಲಿಕ್ಕೇ ಎಂದು ನಾನು ತಿಳಿದೆ. ಅದನ್ನು ತಡೆಯಬೇಕೆಂದೇ ಒಂದು ದಿನ ಮೊದಲು ಹೊರಟೆ.

ನಾನು ಮೇಷ್ಟರುಗಳಿಗೆ ತರಬೇತಿ ಕೊಡುವ ಶಾಲೆಯಲ್ಲಿ ಪಾಠ ಹೇಳುವವನು. ಹುಟ್ಟಿದ ಮಗುವಿನ ಮನಸ್ಸು ಏನೂ ಬರೆಯದ ಪಾಟಿ ಎಂದು ಪ್ರತಿ ವರ್ಷ ಎದೆ ತಟ್ಟಿ ಹೇಳಿದ್ದೇನೆ. ನನ್ನ ಕೊರಳಿನ ಲಿಂಗವನ್ನು ಮೈಸೂರಿನಲ್ಲಿ ಓದುವಾಗಲೇ ಬಿಚ್ಚಿ ಟ್ರಂಕಿನಲ್ಲಿ ಇಟ್ಟಿದ್ದೆ. ದೇವರಿಲ್ಲ ಎಂದಲ್ಲ, ನನ್ನನ್ನು ಕೇಳದೆ ಕಟ್ಟಿದರಲ್ಲ ಎಂಬ ಸಿಟ್ಟು. ನನ್ನ ಮಗಳಾದರೂ ಬುದ್ಧಿ ಬಂದ ಮೇಲೆ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳಲಿ ಎಂದು ನನ್ನ ಹಟ. ಮಾವನ ಮನೆಯಲ್ಲಿ ಹೇಳಬೇಕಾದ ಮಾತನ್ನು ಮೂರು ದಿನ ಬಾಯಿಪಾಠ ಮಾಡಿಕೊಂಡಿದ್ದೆ.

ಹರಿಹರಕ್ಕೆ ರೈಲಿನಲ್ಲಿ ಮೂರನೇ ದರ್ಜೆಗೆ ಐದಾಣೆ. ಒಂಬತ್ತು ಮೈಲಿ ದಾರಿ, ಒಂದು ಪೊಟ್ಟಣ ಮಂಡಕ್ಕಿ ಮುಗಿಯುವುದರೊಳಗೆ ಊರು ಬರುತ್ತದೆ. ಎದುರಿಗೆ ತಿದಿ, ಇದ್ದಿಲ ಚೀಲ ಇಟ್ಟುಕೊಂಡು ಪಾತ್ರೆಗೆ ಕಲಾಯಿ ಹಾಕುವ ಸಾಬರೊಬ್ಬರು ಕೂತಿದ್ದರು. ನಾನು ಮೇಷ್ಟರೆಂದೂ ಮಗಳು ಹುಟ್ಟಿದ್ದಾಳೆಂದೂ ಹೇಳಿದೆ. ‘ಮುಬಾರಕ್ ಮೇಷ್ಟ್ರೆ’ ಎಂದು ನನ್ನ ಮಂಡಕ್ಕಿಯಲ್ಲಿ ಒಂದು ಹಿಡಿ ತೆಗೆದುಕೊಂಡರು.

‘ನಿಮ್ಮಲ್ಲಿ ಕೂಸು ಹುಟ್ಟಿದರೆ ಏನು ಮಾಡುತ್ತೀರಿ?’ ಎಂದು ಕೇಳಿದೆ.

‘ಬಲಗಿವಿಯಾಗೆ ಬಾಂಗ್ ಹೇಳ್ತೀವ್ರಿ, ನಮಾಜಿಗೆ ಕರಿಯೋದು. ನನ್ನ ಐದು ಮಕ್ಕಳಿಗೂ ಹೇಳೀನಿ.’

‘ಅದಕ್ಕೇನು ತಿಳಿಯುತ್ತದೆ?’

‘ಏನೂ ತಿಳಿಯಂಗಿಲ್ರಿ. ಮಗಾ ಅಂತ ಕರೀತೀವಿ, ಅದೂ ತಿಳಿಯಂಗಿಲ್ಲ. ತಿಳಿಯೋತನ ಕರೀದಂಗೆ ಇರಾಕ ಆಕ್ಕೇತೇನ್ರಿ?’

ಇದೇನು ವಾದವಯ್ಯಾ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಹರಿಹರ ಬಂದುಬಿಟ್ಟಿತು. ಸಾಬರು ತಿದಿ ಹೆಗಲಿಗೇರಿಸಿ ಹೊರಟುಹೋದರು.

ಮಲೇಬೆನ್ನೂರು ಕಡೆಯ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು. ಹೋಟೆಲಿನಲ್ಲಿ ಉಪ್ಪಿಟ್ಟು ತಿಂದು, ಹರಿಹರೇಶ್ವರನ ಗುಡಿಯ ನೆರಳಿನಲ್ಲಿ ಹೋಗಿ ಕೂತೆ. ಒಳಗಿನ ಮೂರ್ತಿ ಅರ್ಧ ಹರಿ, ಅರ್ಧ ಹರ. ಯಾವುದನ್ನು ಆರಿಸುವುದೆಂದು ತಲೆ ಕೆಡಿಸಿಕೊಳ್ಳದೆ ಈ ಊರಿನವರು ಎರಡನ್ನೂ ಇಟ್ಟುಕೊಂಡಿದ್ದಾರೆ. ಬಸ್ಸು ದಾರಿಯಲ್ಲಿ ಎರಡು ಸಲ ನಿಂತು ನೀರು ಕುಡಿಯಿತು. ಇಳಿದ ಮೇಲೆ ಉಳಿದ ದಾರಿ ಬಿಸಿಲಿನಲ್ಲಿ ನಡಿಗೆ. ಮನೆ ಮುಟ್ಟಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

‘ಬರ್ರಿ, ಬರ್ರಿ, ಕೂಡ್ರಿ’ ಎಂದು ಅತ್ತೆ ಕಾಲಿಗೆ ನೀರು ಕೊಟ್ಟರು. ಮಾವ ಹೊಲಕ್ಕೆ ಹೋಗಿದ್ದರು. ಇದೇ ಸಮಯವೆಂದು ಬಾಯಿಪಾಠ ಒಪ್ಪಿಸಿದೆ. ‘ನಾಳೆ ಅಯ್ಯನವರಿಂದ ಮಗುವಿಗೆ ಲಿಂಗ ಕಟ್ಟಿಸುವುದು ಬೇಡ. ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡಲಿ.’

ಅತ್ತೆ ಕಕ್ಕಾಬಿಕ್ಕಿಯಾದರು. ‘ನಾಳೆ ಅಯ್ಯನೋರು ಬರೋದು ಹೆಸರಿಡಾಕ್ರಿ. ಲಿಂಗ ಕಟ್ಟಿದ್ದು ಗಿರಿಜಿಗೆ ಎಂಟು ತಿಂಗಳು ತುಂಬಿದಾಗ್ಲೇ ಆತಲ್ಲ! ಹೊಟ್ಟಿಯಾಗಿನ ಕೂಸಿಗೆ ಅಂತ ಅವಳ ಮೈಮ್ಯಾಲೇ ಕಟ್ಟಿದ್ವಿ. ಹುಟ್ಟಿದ ಮ್ಯಾಲೆ ಅದನ್ನ ಕೂಸಿಗೆ ಹಾಕೀವಿ.’

ನಾನು ಹುಟ್ಟು ಲಿಂಗಾಯತ. ಬಸುರಿಯ ಎಂಟನೇ ತಿಂಗಳಿಗೇ ಕೂಸಿನ ಲಿಂಗ ಕಟ್ಟುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಹೆಂಗಸರ ಶಾಸ್ತ್ರವೆಂದು ನಾನು ಯಾವತ್ತೂ ಕಿವಿಗೆ ಹಾಕಿಕೊಂಡವನಲ್ಲ.

ಬಾಣಂತಿ ಕೋಣೆಯ ತುಂಬ ಲೋಬಾನದ ಹೊಗೆ. ಮಗಳು ನಿದ್ದೆ ಮಾಡುತ್ತಿದ್ದಳು. ಅಂಗೈಯಗಲದ ಮುಖ, ಮೂಗು ನಮ್ಮವ್ವನದೇ. ರಟ್ಟೆಗೆ ಲಿಂಗ ಸುತ್ತಿದ ಬಿಳಿ ಬಟ್ಟೆಯ ಗಂಟು. ನೋಡಿದ ಕೂಡಲೇ ಕಣ್ಣು ತುಂಬಿತು, ಸಿಟ್ಟೂ ಬಂತು.

‘ನನ್ನನ್ನು ಒಂದು ಮಾತು ಕೇಳಬಾರದಿತ್ತೆ?’ ಎಂದೆ ಗಿರಿಜೆಗೆ.

‘ಎಂಟರ ಶಾಸ್ತ್ರ ಆತು ಅಂತ ಕಾಗದ ಬರದಿದ್ನಲ್ಲ. ಸಂತೋಷವಾಯಿತು ಅಂತ ನೀವೇ ಬರದಿದ್ರಿ.’

ಹೌದು, ಬರೆದಿದ್ದೆ. ಏನು ಶಾಸ್ತ್ರ ಎಂದು ಕೇಳಿರಲಿಲ್ಲ.

‘ಈಗ ನಾನು ಕೇಳ್ತೀನ್ರಿ’ ಅಂದಳು. ‘ಕೂಸಿಗೆ ಲಿಂಗ ಬ್ಯಾಡ ಅಂತ ನೀವು ಯಾವಾಗ ಗಟ್ಟಿ ಮಾಡಿದ್ರಿ? ನನ್ನನ್ನ ಕೇಳಿದ್ರೇನು? ಒಂಬತ್ತು ತಿಂಗಳು ಹೊತ್ತಾಕಿ ನಾನು.’

ಮೂರು ದಿನದ ಬಾಯಿಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. ಮಗುವಿನ ಆಯ್ಕೆಯ ಬಗ್ಗೆ ಅಷ್ಟೆಲ್ಲ ಯೋಚಿಸಿದವನು, ಹೆಂಡತಿಗೂ ಒಂದು ಮನಸ್ಸಿದೆ ಎಂಬುದನ್ನೇ ಮರೆತಿದ್ದೆ. ನಾಚಿಕೆಯಾಯಿತು.

ಅವಳೇ ಮೆತ್ತಗಾದಳು. ‘ನೀವು ಬಿಚ್ಚಿಟ್ರಿ, ನಾನೇನರ ಅಂದೆನೇನು? ನಾಳೆ ಈಕಿನೂ ದೊಡ್ಡಾಕಿ ಆಗಿ ಬ್ಯಾಡ ಅಂದ್ರೆ ನಾನು ಅಡ್ಡ ಬರಂಗಿಲ್ಲ. ಆದ್ರ ಬೇಕು ಅಂದ್ರೆ? ಆವಾಗ ನೀವು ಅಡ್ಡ ಬರಬಾರದು. ಆಕ್ಕೇತಾ?’

ಆಗುತ್ತದೆ ಎನ್ನಲು ಬಾಯಿ ತೆರೆದೆ. ಅನ್ನದೆ ಮಗಳ ಹೊದಿಕೆ ಸರಿಮಾಡಿದೆ. ಮಗಳು ತಾನೇ ಆರಿಸಿಕೊಳ್ಳಲಿ ಎಂದು ಹೇಳಿಕೊಂಡು ಬಂದಿದ್ದೆ ನಿಜ. ಆದರೆ ಅವಳು ಬೇಕು ಅನ್ನಬಹುದು ಎಂದು ದಾವಣಗೆರೆಯಿಂದ ಇಲ್ಲಿಯವರೆಗೆ ಒಂದು ಸಲವೂ ನನಗೆ ಹೊಳೆದಿರಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದು ಹೊರಗೆ ಬಂದೆ.

ಮರುದಿನ ತೊಟ್ಟಿಲು ಹಾಕಿದರು, ಹೆಸರಿಟ್ಟರು. ಊಟಕ್ಕೆ ಹೋಳಿಗೆ, ಕಟ್ಟಿನ ಸಾರು. ಅಯ್ಯನವರು ನನ್ನ ಬರಿಯ ಕೊರಳನ್ನು ನೋಡಿ, ನನಗೂ ಎಲ್ಲರಂತೆ ವಿಭೂತಿ ಕೊಟ್ಟರು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಾಗಿತ್ತು. ಚೀಲ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತೆ. ಗಿರಿಜೆ ಮಗುವಿಗೆ ಹಾಲು ಕೊಡುತ್ತಿದ್ದಳು.

‘ಅವಳು ಬೇಕು ಅಂದರೆ ಇಟ್ಟುಕೊಳ್ಳಲಿ’ ಎಂದೆ. ‘ನಾನು ಅಡ್ಡ ಬರುವುದಿಲ್ಲ.’

ಗಿರಿಜೆ ತಲೆ ಎತ್ತಿ ನನ್ನನ್ನೇ ನೋಡಿ ನಕ್ಕಳು. ‘ಇಷ್ಟು ಹೇಳಾಕ ಒಂದು ದಿನ ಬೇಕಾತೇನ್ರಿ, ಮೇಷ್ಟ್ರೆ?’