ತಿರುವಿನಲ್ಲಿ ಹೇಳಬೇಕಾದ ಮಾತು

ಮೌಶಿಯ ಎಡಹುಬ್ಬಿನ ನಡುವೆ ಕೂದಲಿಲ್ಲದ ಸಣ್ಣದೊಂದು ಗೆರೆಯಿತ್ತು. ಬಸ್ಸಿನ ಗಾಜು ಹೊಕ್ಕ ಜಾಗ. ಅದೇ ಬಸ್ಸಿನಲ್ಲಿ, ಅದೇ ಸೀಟಿನಲ್ಲಿ, ಅವಳ ಪಕ್ಕ ಕೂತಿದ್ದ ನನ್ನ ಅವ್ವ ಬದುಕಲಿಲ್ಲ. ಈಗ ಮೌಶಿಯ ಮುಖ ನೆನೆಯಲು ಹೋದರೆ ಮೊದಲು ಬರುವುದು ಆ ಗೆರೆ. ಅವ್ವ ಕೂತು ನಗುತ್ತಿರುವ ಹಳೆಯ ಸಂಜೆಗಳಲ್ಲೂ ಮೌಶಿಯ ಹುಬ್ಬು ಆಗಲೇ ಸೀಳಿಕೊಂಡಿರುತ್ತದೆ. ಅದು ಸಾಧ್ಯವಿಲ್ಲ. ಹಾಗಾಗಿ ನಾನು ಹೇಳುವುದನ್ನೆಲ್ಲ ಪೂರ್ತಿ ನಂಬಬೇಡಿ.

ಮೌಶಿ, ಅಂದರೆ ಚಿಕ್ಕವ್ವ, ಎಂದು ಕರೆಯುತ್ತಿದ್ದರೂ ಅವಳು ನಮಗೆ ಸಂಬಂಧಿಯಲ್ಲ. ಹುನಗುಂದದ ದವಾಖಾನೆಗೆ ನರ್ಸಾಗಿ ಬಂದು, ನಮ್ಮ ಮನೆಗೆ ಹತ್ತಿಕೊಂಡ ಮನೆಯಲ್ಲಿ ಬಾಡಿಗೆಗಿದ್ದು, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದವಳು. ಮದುವೆಯಾಗಿರಲಿಲ್ಲ. ಯಹೂದಿ. ಹಿರಿಯರು ಕೊಂಕಣದ ಕಡೆಯವರು, ಮನೆಮಾತು ಮರಾಠಿ. ಅವಳ ಅಜ್ಜ ರೈಲ್ವೆ ನೌಕರಿಗೆಂದು ಹುಬ್ಬಳ್ಳಿಗೆ ಬಂದವನು. ನಮ್ಮೂರಿನಲ್ಲಿ ಆ ಧರ್ಮದವರು ಅವಳೊಬ್ಬಳೇ. ಓಣಿಯವರು ಕ್ರಿಶ್ಚನ್ನಳೆಂದೇ ತಿಳಿದಿದ್ದರು. ತಿದ್ದಿ ತಿದ್ದಿ ಸಾಕಾಗಿ ಅವಳೂ ಬಿಟ್ಟುಬಿಟ್ಟಿದ್ದಳು.

ಅವಳ ಮನೆಯಲ್ಲಿ ದೇವರ ಪಟವಿರಲಿಲ್ಲ. ಇದ್ದದ್ದು ಸ್ತುತಿಯ ಮಾತುಗಳು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆ ಬಿಡುವ ಮೊದಲು, ಜೀವವನ್ನು ತಿರುಗಿ ಕೊಟ್ಟನೆಂದು ಒಂದು. ರೊಟ್ಟಿ ಮುರಿದರೆ ಒಂದು, ಹಣ್ಣು ತಿಂದರೆ ಒಂದು, ಗುಡುಗಿದರೆ ಒಂದು. ಪಾಯಖಾನೆಯಿಂದ ಬಂದು ಕೈ ತೊಳೆದ ಮೇಲೂ ಒಂದು. ಇದಕ್ಕೆ ಮಾತ್ರ ಅವ್ವನಿಗೆ ನಗು ತಡೆಯುತ್ತಿರಲಿಲ್ಲ.

“ಏನ ನರ್ಸಬಾಯಿ, ಅದಕ್ಕೂ ದೇವರನ್ನ ಕರೀತಿ, ನಾಚಿಕಿ ಬರೂದಿಲ್ಲೇನ?”

“ಉಚ್ಚಿ ಕಟ್ಟಿ ಒದ್ದಾಡೋರನ್ನ ನಮ್ಮ ವಾರ್ಡಿಗೆ ಒಂದಿನ ಬಂದು ನೋಡ. ಆಮ್ಯಾಲೆ ನೀ ನನಗಿಂತ ಜೋರ ಹೇಳ್ತಿ.”

ಸ್ತುತಿಯ ಮಾತು ಕಿವಿಗೆ ಬಿದ್ದವರು ‘ಆಮೆನ್’, ಅಂದರೆ ಹೌದು, ಹಾಗೇ ಸರಿ, ಅನ್ನಬೇಕಂತೆ. ಅನ್ನುವವರು ಊರಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ಅವ್ವನೇ ಆ ಕೆಲಸ ಹಿಡಿದಳು. ಹಣೆತುಂಬ ವಿಭೂತಿ ಹಚ್ಚಿಕೊಂಡು ಗೋಡೆಯ ಈಚೆಯಿಂದ ಕೂಗುತ್ತಿದ್ದಳು: “ಆಮೆನ್ ನರ್ಸಬಾಯಿ, ಚಾ ಆರಾಕತ್ತದ, ಬಾ!”

ಯಾರದಾದರೂ ಬೇನೆ ವಾಸಿಯಾದರೆ ಮೌಶಿ ಅವಲಕ್ಕಿಗೆ ಕೊಬ್ಬರಿ, ಸಕ್ಕರೆ, ಯಾಲಕ್ಕಿ ಕಲಸಿ, ಮೇಲೆ ಹಣ್ಣಿಟ್ಟು, ದೇವರ ಉಪಕಾರ ನೆನೆದು ಓಣಿಗೆಲ್ಲ ಹಂಚುತ್ತಿದ್ದಳು. ಮಲೀದಾ ಎನ್ನುತ್ತಿದ್ದಳು ಅದಕ್ಕೆ.

ಅಮೀನಗಡ ದಾಟಿ ಬಾಗಲಕೋಟೆಗೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿ ಗ್ರಾನೈಟ್ ಲಾರಿ ಬಸ್ಸಿಗೆ ಗುದ್ದಿದಾಗ ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಮೌಶಿ ತಲೆಗೆ ಹೊಲಿಗೆ ಹಾಕಿಸಿಕೊಂಡು ತಿರುಗಿ ಬಂದಳು. ಅಂಥವರು ಮಲೀದಾ ಮಾಡಲೇಬೇಕು. ಅವಳು ಮಾಡಲಿಲ್ಲ. ಗೋಡೆಯಾಚೆಯ ದನಿಯೂ ಇಳಿಯಿತು.

ಅಪ್ಪ ಮೊದಲೇ ಇರಲಿಲ್ಲ. ಇಳಕಲ್ಲಿನ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ನಾನು, ಮೌಶಿ ಒಂದೇ ಒಲೆಯ ಅಡಿಗೆ ಉಂಡೆವು. ಬಾಗಲಕೋಟೆಗೆ ಜೊತೆಯಲ್ಲಿ ಹೋಗಬೇಕಾದಾಗೆಲ್ಲ ಅವಳು ಗುಳೇದಗುಡ್ಡದ ಮೇಲೆ ಸುತ್ತು ಹಾಕಿಸುತ್ತಿದ್ದಳು. “ಕುಪ್ಪಸದ ಖಣ ನೋಡೂದದ,” ಎನ್ನುತ್ತಿದ್ದಳು. ಆ ತಿರುವೆಂದರೆ ಅವಳಿಗೂ ನನ್ನ ಹಾಗೇ ಹೆದರಿಕೆ ಎಂದುಕೊಂಡಿದ್ದೆ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನಗೆಯಾಡಿದ.

“ಏನ್ರಿ ಮೌಶಿ, ಇವತ್ತ ಮತ್ತ ಸುತ್ತಿನ ದಾರಿ? ಮೊನ್ನಿ ನೀವೊಬ್ಬರ ಬಂದಾಗ ನೆಟ್ಟಗ ನಮ್ಮ ಬಸ್ಸ ಹತ್ತಿದ್ರಿ!”

ಬಸ್ಸು ಊರು ಬಿಟ್ಟಿತು. ಆಮೇಲೆ ಮೌಶಿ ಹೇಳಿದಳು. “ಸಾಯೂದು ತಪ್ಪಿದ ಜಾಗಕ್ಕ ತಿರುಗಿ ಹೋದ್ರ ಒಂದ ಮಾತು ಹೇಳಬೇಕು, ತಂಗಿ. ಈ ಜಾಗದಾಗ ನನಗ ಪವಾಡ ಮಾಡಿದವನೇ, ನಿನಗ ಸ್ತುತಿ, ಅಂತ. ಹೇಳಲಿಲ್ಲಂದ್ರ ಕೊಟ್ಟದ್ದನ್ನ ಕಾಲಿಲೆ ಒದ್ದಂಗ. ಆದ್ರ ನಿನ್ನ ಮಗ್ಗಲಕ್ಕ ಕುಂತು ಹ್ಯಾಂಗ ಹೇಳ್ಲಿ? ನಿಮ್ಮವ್ವ ಹೋದ ಜಾಗ ಅದು.”

“ಮನಸಿನಾಗ ಹೇಳು. ನನಗ ಕೇಳಂಗಿಲ್ಲ.”

“ಕದ್ದು ಹೇಳೂ ಮಾತಲ್ಲ ಅದು.”

ನನಗೆ ಸಿಟ್ಟು ಬಂತೋ ದುಃಖವಾಯಿತೋ, ಈಗಲೂ ಬೇರೆ ಮಾಡಿ ಹೇಳಲಾರೆ. ಗುಳೇದಗುಡ್ಡದಲ್ಲಿ ಇಳಿದು ಇಬ್ಬರೂ ಖಣ ನೋಡಿದೆವು. ಆಮೇಲೂ ಸುತ್ತಿನ ದಾರಿಯಲ್ಲೇ ಓಡಾಡಿದೆವು.

ಹೋದ ವರ್ಷ ಅವಳಿಗೆ ಉಸಿರು ಕಟ್ಟಿತು. ಡಾಕ್ಟರು ಬಾಗಲಕೋಟೆಗೆ ಒಯ್ಯಿರಿ ಎಂದರು. ಸುತ್ತು ಹಾಕುವಷ್ಟು ಹೊತ್ತಿರಲಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮಲಗಿದವಳಿಗೆ ರಸ್ತೆ ಕಾಣುತ್ತಿರಲಿಲ್ಲ. ಆದರೂ ತಿರುವು ಹತ್ತಿರವಾದಾಗ ಕಣ್ಣು ಬಿಟ್ಟಳು.

“ಬಂತಲ್ಲ?”

“ಹೂಂ.”

“ನಾ ಹೇಳ್ಲೇನ, ತಂಗಿ?”

ಸತ್ತವಳ ಮಗಳನ್ನು ಅಪ್ಪಣೆ ಕೇಳುತ್ತಿದ್ದಳು. “ಹೇಳು ಮೌಶಿ,” ಎಂದೆ. ಬಲಗೈಯಿಂದ ಕಣ್ಣು ಮುಚ್ಚಿಕೊಂಡು, ಏದುಸಿರು ಬಿಡುತ್ತ, ಅವಳ ಪ್ರಾರ್ಥನೆಯ ಭಾಷೆಯಲ್ಲಿ ಒಂದೂ ಪದ ಬಿಡದೆ ಹೇಳಿದಳು. ಆಮೇಲೆ ಕೈ ತೆಗೆದು ನನ್ನ ಮುಖ ನೋಡಿದಳು. ಕಾಯುತ್ತಿದ್ದಳು. ಏತಕ್ಕೆಂದು ನನಗೆ ಗೊತ್ತಿತ್ತು. ಒಂದೇ ಸೀಟಿನಲ್ಲಿ ಕೂತ ಇಬ್ಬರಲ್ಲಿ ಅವಳನ್ನು ಉಳಿಸಿದ್ದು ಒಳ್ಳೆಯದಾಯಿತು ಎಂದು, ಅವ್ವ ಬಿದ್ದ ನೆಲದ ಮೇಲೆ, ನಾನು ಒಪ್ಪಬೇಕಿತ್ತು.

“ಆಮೆನ್” ಎಂಬ ಮಾತು ಕಾರಿನಲ್ಲಿ ಕೇಳಿತು. ಮೌಶಿಯ ಮುಖ ಸಡಿಲವಾಯಿತು. ನಾನೇ ಅಂದಿರಬೇಕು. ಆದರೆ ಆ ಗಳಿಗೆಯನ್ನು ಎಷ್ಟು ಸಲ ನೆನೆದರೂ ಕಿವಿಗೆ ಬರುವ ದನಿ ಅವ್ವನದು, ತುಸು ನಗೆ ಬೆರೆತದ್ದು. ಆಮೆನ್ ಅಂದದ್ದು ಯಾರ ದನಿಯೆಂದು ಆಮೇಲೆ ಡ್ರೈವರನನ್ನು ಕೇಳಿದೆ.

“ನಾ ಹಾರ್ನ್ ಹೊಡಿಯಾಕ ಹತ್ತಿದ್ದೆರಿ ಅಕ್ಕಾರ. ನನಗೇನೂ ಕೇಳಿಲ್ರಿ,” ಎಂದ.

ಮೌಶಿ ದವಾಖಾನೆಯಲ್ಲೇ ತೀರಿಕೊಂಡಳು. ಪುಣೆಯಿಂದ ಅವಳ ಅಣ್ಣನ ಮಗ ಬಂದು, ತಮ್ಮವರ ನಡುವೆ ಮಣ್ಣು ಮಾಡಲು ಒಯ್ದ.

ತಾಯಿಗೆ ಪವಾಡವಾದ ಜಾಗದಲ್ಲಿ ಮಕ್ಕಳೂ ಆ ಮಾತು ಹೇಳಬೇಕೆಂದು ಒಮ್ಮೆ ಅವಳೇ ಹೇಳಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನಾನೀಗ ನೆಟ್ಟಗಿನ ಬಸ್ಸನ್ನೇ ಹತ್ತುತ್ತೇನೆ. ರಸ್ತೆ ಅಗಲ ಮಾಡಿದ್ದಾರೆ, ತಿರುವನ್ನು ಕಡಿದು ನೇರ ಮಾಡಿದ್ದಾರೆ. ಕಣ್ಣು ಮುಚ್ಚಿ ಮಲಗಿದ್ದರೂ ಗುರುತು ಹಿಡಿಯುತ್ತಿದ್ದವಳು ಇಲ್ಲ. ಅಮೀನಗಡ ದಾಟಿದ ಕೂಡಲೇ ಶುರು ಮಾಡುತ್ತೇನೆ: ಈ ಜಾಗದಲ್ಲಿ ನನ್ನ ಮೌಶಿಗೆ ಪವಾಡ ಮಾಡಿದವನೇ. ಮುಗಿಸುವಷ್ಟರಲ್ಲಿ, ಆ ಜಾಗ ಇದಲ್ಲ, ಮುಂದಿನ ಹೊಲದ ಬಳಿ ಇರಬೇಕು ಅನಿಸುತ್ತದೆ. ಮತ್ತೆ ಹೇಳುತ್ತೇನೆ. ಬಾಗಲಕೋಟೆ ಬರುತ್ತದೆ.